ಪರದೆಯ ಅಂಚು

ಮೇ 4, ಸೋಮವಾರ

ಮಾತಾಡಿದರೆ ಅತ್ತೆ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಾರೆ, ಇವರು ಎದ್ದು ಹೊರಗೆ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಸ್ಕ್ಯಾನಿಂಗ್ ಆಯಿತು. ಮಗು ತಲೆ ಮೇಲೆ, ಕಾಲು ಕೆಳಗೆ ಮಾಡಿಕೊಂಡು ನಿಂತಿದೆಯಂತೆ, ಬಸ್ಸಿಗೆ ಕಾಯುವವರ ಹಾಗೆ. ಡಾಕ್ಟರಮ್ಮ ಜೂನ್ ಮೊದಲ ವಾರಕ್ಕೆ ಆಪರೇಷನ್ ಗೊತ್ತು ಮಾಡಿದರು. ಆಮೇಲೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ ಹೇಳಿದರು: "ಅಷ್ಟರೊಳಗೆ ನೋವು ಶುರುವಾದ್ರೆ ಮನೇಲಿ ಕೂತ್ಕೋಬೇಡಿ. ಕಾಲು ಕೆಳಗಿರೋ ಮಗು. ನೀರು ಒಡೆದ್ರೆ ಹೊಕ್ಕುಳಬಳ್ಳಿ ಮೊದಲು ಜಾರಿ ಬರಬಹುದು. ಬಳ್ಳಿ ಒತ್ಕೊಂಡ್ರೆ ಮಗುವಿಗೆ ಉಸಿರಿಲ್ಲ. ಮೊದಲನೇ ನೋವಿಗೇ ಬಂದುಬಿಡಬೇಕು."

"ಮೊದಲನೇ ನೋವು ಹೇಗಿರತ್ತೆ?" ಅಂತ ಕೇಳಿದೆ.

ಅವರು ನಕ್ಕರು. "ಎರಡನೇ ಹೆರಿಗೆ ಅಲ್ವಾ ನಿಮ್ದು? ನಿಮಗೇ ಗೊತ್ತಿರತ್ತೆ."

ನನಗೆ ಗೊತ್ತಿಲ್ಲ. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಔಷಧಿ ಏರಿಸಿ ನೋವು ಬರಿಸಿ ಹೊರಗೆ ತೆಗೆದರು. ತಾನಾಗಿ ಬರುವ ನೋವು ಹೇಗೆ ಶುರುವಾಗುತ್ತದೆ ಅಂತ ನಾನು ಕಂಡೇ ಇಲ್ಲ. ಅದನ್ನು ಡಾಕ್ಟರಮ್ಮನಿಗೆ ಬಿಡಿಸಿ ಹೇಳಲು ಹೋಗಲಿಲ್ಲ. ಹೇಳಿ ಏನಾಗಬೇಕು? ಇದೂ ಉಳಿಯುವುದಿಲ್ಲ. ನನಗೆ ಅದು ಮೂರನೇ ತಿಂಗಳಿಂದಲೇ ಗೊತ್ತು.

ಮೇ 7, ಗುರುವಾರ

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೊಂದು ಕನ್ನಡಿ. ಕಿಟಕಿ ಪಕ್ಕದ ಮಿಷನ್ನು ಅತ್ತೆಯದು. ಕಣ್ಣು ಮಂಜಾದ ಮೇಲೆ ಅವರು ಹೊಲಿಯುವುದು ಕಡಿಮೆ, ಇಸ್ತ್ರಿ ಹಾಕುವುದು ಮತ್ತು ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವುದು ಹೆಚ್ಚು. ಬೆರಳಲ್ಲೇ ಹುಡುಕುತ್ತಾರೆ, ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಈಗ ಒಂದು ಸಭಾಂಗಣದ ವೇದಿಕೆಗೆ ಪರದೆ ಒಪ್ಪಿಕೊಂಡಿದ್ದೇವೆ. ಕಡು ನೀಲಿ ಬಟ್ಟೆ, ಕಂಬಳಿಯಷ್ಟು ದಪ್ಪ. ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ತಿರುಗಿಸಲು ಇಬ್ಬರು ಬೇಕು.

ಮಧ್ಯಾಹ್ನ ಮೇಲಿನ ಮನೆಯಾಕೆ ಸ್ಕರ್ಟಿನ ಜಿಪ್ಪು ಹಾಕಿಸಲು ಬಂದಳು. ನಾಲ್ಕು ಹೆತ್ತವಳು, ಹೆರಿಗೆ ವಿಷಯ ಬಂದರೆ ಬಾಯಿಗೆ ಬೀಗವಿಲ್ಲ. "ನಂಗೆ ಮೊದಲನೇದಕ್ಕೆ ನೀರು ಒಡೀತು, ಮೆಟ್ಟಿಲ ಮೇಲೇ. ಎರಡನೇದಕ್ಕೆ ಎರಡು ದಿನ ಒದ್ದಾಡಿದೆ. ಮೂರನೇದಕ್ಕೆ ಮನೆಯೆಲ್ಲಾ ತೊಳೆಯೋ ಹುಚ್ಚು ಹಿಡೀತು. ನಾಲ್ಕನೇದು ಸೀನಿದೆ, ಬಂದೇಬಿಡ್ತು." ಇದರಲ್ಲಿ ನಾನು ಯಾವುದಕ್ಕೆ ಕಾಯಬೇಕು ಅಂತ ಕೇಳಿದೆ. ಡಾಕ್ಟರಮ್ಮನನ್ನು ಕೇಳಿದರೆ ನಕ್ಕುಬಿಟ್ಟರು ಅಂತಲೂ ಹೇಳಿದೆ.

"ಆಕೆಗೆ ಮದುವೇನೇ ಆಗಿಲ್ವಲ್ಲ. ಬಂಜೆಗೇನು ಗೊತ್ತು ಹೆರಿಗೆ ಬೇನೆ?" ಅಂದಳು.

ಅತ್ತೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಒಳಗೆ ಹೋದರು. ಅವರು ಇವರನ್ನು ಹೆತ್ತವರಲ್ಲ. ಅಕ್ಕ ತೀರಿಕೊಂಡಾಗ ಅಕ್ಕನ ಮಗುವನ್ನು ಎತ್ತಿಕೊಂಡು ಬಂದು ಸಾಕಿದರು, ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಮೇಲಿನ ಮನೆಯಾಕೆಗೆ ಅದು ಗೊತ್ತಿಲ್ಲ.

ಆಕೆ ಹೋದ ಮೇಲೆ ಅತ್ತೆ ಬಂದು ಏನೂ ಆಗದವರ ಹಾಗೆ ಕಾಲರ್ ಒತ್ತಲು ನಿಂತರು. ಕಾಲರ್ ತಿರುಗಿಸಿ ಹಾಕುತ್ತಾ ಹೇಳಿದರು: "ಅವಳು ಹೇಳಿದ್ದು ಸುಳ್ಳೇನಲ್ಲ ಬಿಡೇ. ಹೊತ್ತು ಬಂದಾಗ ನನ್ನ ನಂಬ್ಕೊಂಡು ಕೂರ್ಬೇಡ. ನಂಗೆ ಗೊತ್ತಾಗಲ್ಲ."

ಹಾಗಾದರೆ ಈ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಒಳ್ಳೆಯದೇ ಆಯಿತು.

ಮೇ 12, ಮಂಗಳವಾರ

ನಿನ್ನೆ ಸಂಜೆ ಹೊಟ್ಟೆ ಬಿಗಿಯಿತು. ಬಿಗಿದು, ಸಡಿಲವಾಗಿ, ಮತ್ತೆ ಬಿಗಿಯಿತು. ಇವರು ಅಂಗಡಿಗಳಿಗೆಲ್ಲ ಬ್ರೆಡ್ ಇಳಿಸಿ ಬಂದು ಊಟಕ್ಕೆ ಕೂತಿದ್ದರು. ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ವ್ಯಾನ್ ತೆಗೆದರು. ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹತ್ತಿದರು.

ಆಸ್ಪತ್ರೆಯಲ್ಲಿ ದಪ್ಪ ಕನ್ನಡಕದ ನರ್ಸ್ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. "ಇದು ಸುಳ್ಳು ನೋವು ಕಣಮ್ಮ. ಮಗ್ಗುಲು ಬದಲಾಯಿಸಿದ್ರೆ, ನಾಲ್ಕು ಹೆಜ್ಜೆ ನಡೆದ್ರೆ ಹೋಗಿಬಿಡತ್ತೆ. ನಿಜವಾದ್ದು ಹಾಗಲ್ಲ, ಲೆಕ್ಕ ಇಟ್ಕೊಂಡು ಬರತ್ತೆ. ಬರತ್ತೆ, ಹೋಗತ್ತೆ, ಮತ್ತೆ ಬರತ್ತೆ. ಬರ್ತಾ ಬರ್ತಾ ಹತ್ತಿರ ಆಗತ್ತೆ." ಅತ್ತೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಅವಳ ಮಾತನ್ನು ಬಾಯಲ್ಲೇ ಹೇಳಿಕೊಂಡರು. ಎಲ್ಲಿ ಬರುತ್ತೆ ಅಂತ ನಾನು ಕೇಳುವಷ್ಟರಲ್ಲಿ ನರ್ಸ್ ಇನ್ನೊಬ್ಬಳ ಕೂಗಿಗೆ ಓಡಿದ್ದಳು.

ವಾಪಸ್ ಬರುವಾಗ ಮೆಟ್ಟಿಲಲ್ಲಿ ಮೇಲಿನ ಮನೆಯಾಕೆ. "ಬರಿಗೈಲಿ ಬಂದ್ರಾ?" ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಹೌದು, ಹೋದ ಸಲವೂ ಬರಿಗೈಯಲ್ಲೇ ಬಂದದ್ದು. ಅವಳು ಆಗಿನ್ನೂ ಮೇಲಿನ ಮನೆಗೆ ಬಂದಿರಲಿಲ್ಲ.

ಇನ್ನು ಮೇಲೆ ಯಾರಿಗೂ ಹೇಳುವುದಿಲ್ಲ.

ಮೇ 15, ಶುಕ್ರವಾರ

ಒದೆಯುತ್ತಿದೆ. ಒದೆಯಲಿ. ಹಿಂದಿನದೂ ಒದೆಯುತ್ತಿತ್ತು.

ಮೇ 18, ಸೋಮವಾರ

ಇವರು ಒಂದು ಜೊತೆ ಕಾಲುಚೀಲ ತಂದಿದ್ದರು, ನನ್ನ ಹೆಬ್ಬೆರಳಿಗಷ್ಟೇ ಆಗುವಂಥದ್ದು. ಅಂಗಿಯ ಜೇಬಿನಲ್ಲಿ ಮರೆತವರ ಹಾಗೆ ಇಟ್ಟಿದ್ದರು. ಒಗೆಯಲು ಹಾಕುವಾಗ ಕೈಗೆ ಸಿಕ್ಕಿತು. ನನಗೆ ರೇಗಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಜನ ಗಾದೆ ಹೇಳುತ್ತಾರೆ, ನಾನು ಹೋದ ಸಲ ನಿಜವಾಗಿಯೇ ಹೊಲಿದಿದ್ದೆ, ಅಂಚಿಗೆ ಹಳದಿ ದಾರದಲ್ಲಿ ಹೂವು ಬೇರೆ. ಆ ಕುಲಾವಿ ಹಾಕಿಯೇ ಕಳಿಸಿದೆವು. ಇವರಿಗೆ ಅದು ಮರೆತುಹೋಯಿತೇ?

"ಯಾಕೆ ತಂದ್ರಿ?" ಅಂದೆ.

"ಸುಮ್ನೆ."

"ಸುಮ್ನೆ ತರೋ ವಸ್ತುವಾ ಅದು?"

ಅವರು ಎದ್ದು ಹೋದರು. ಬಾಗಿಲ ಹೊರಗೆ ವ್ಯಾನಿನಲ್ಲಿ ಬಹಳ ಹೊತ್ತು ಕೂತಿದ್ದರು, ಎಲ್ಲಿಗೂ ಓಡಿಸಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ಪಾಪ ಅನ್ನಿಸಿತು, ಆದರೂ ಕರೆಯಲಿಲ್ಲ. ನನ್ನ ಹತ್ತಿರ ಇರುವ ಸಮಾಧಾನ ನನಗೇ ಸಾಲದು, ಅವರಿಗೆಲ್ಲಿಂದ ಕೊಡಲಿ.

ಮೇ 20, ಬುಧವಾರ

ಸೊಂಟ ಬಿದ್ದುಹೋಗುತ್ತಿದೆ. ಆ ದರಿದ್ರ ಪರದೆ. ಎಳೆದು ಎಳೆದು ತೋಳೂ ಹೋಯಿತು.

ನಮ್ಮ ಕಸುಬಿನವರಿಗೆ ಸೊಂಟನೋವು ಸುದ್ದಿಯೇ ಅಲ್ಲ. ಅತ್ತೆ ಅದಕ್ಕೆ 'ಮಿಷನ್ ನೋವು' ಅನ್ನುತ್ತಾರೆ. ಕೆಳಬೆನ್ನಲ್ಲಿ ಶುರುವಾಗಿ ತೊಡೆಗೆ ಇಳಿಯುತ್ತದೆ. ಹರೆಯದಿಂದಲೂ ಅದು ಅವರ ಬಾಡಿಗೆದಾರ, ಬಾಡಿಗೆ ಕೊಡುವುದಿಲ್ಲ, ಮನೆ ಖಾಲಿಯೂ ಮಾಡುವುದಿಲ್ಲ. ಇವತ್ತು ನಾನು ಮೇಜಿಗೆ ಒರಗಿ ನಿಂತದ್ದು ನೋಡಿ ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟರು. "ಮಿಷನ್ ನೋವು. ಒಂದು ಗಳಿಗೆ ಮಲಗು, ಸರಿಹೋಗತ್ತೆ." ಮಲಗಿದೆ. ಸರಿಹೋಗಲಿಲ್ಲ. ಎದ್ದು ಓಡಾಡಿದೆ. ಆಗಲೂ ಹೋಗಲಿಲ್ಲ, ಬಂದು ಬಂದು ಕಚ್ಚುತ್ತಿದೆ.

ಹೊಟ್ಟೆಯೂ ಕೆಟ್ಟಿದೆ, ಬೆಳಗ್ಗಿಂದ ಮೂರು ನಾಲ್ಕು ಸಲ ಹೋಗಿಬಂದೆ. ನಿನ್ನೆಯ ಸಾರು ಹಳಸಿತ್ತೇನೋ. ಬಟ್ಟೆಯಲ್ಲಿ ಸಿಂಬಳದ ಹಾಗೆ ಅಂಟು ಕಂಡಿತು, ಒಂದೆಳೆ ಕೆಂಪು ಬೇರೆ. ಉಷ್ಣಕ್ಕಿರಬೇಕು. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಮತ್ತೆ ವ್ಯಾನು, ಮತ್ತೆ ಆಸ್ಪತ್ರೆ, ಮತ್ತೆ ಆ ಮೆಟ್ಟಿಲು.

ಸಂಜೆ ಸುಮ್ಮನಿರಲಾಗದೆ ದಾರದ ಡಬ್ಬಗಳನ್ನೆಲ್ಲ ಸುರಿದು ಬಣ್ಣದ ಪ್ರಕಾರ ಜೋಡಿಸಿದೆ. ಗುಂಡಿಗಳನ್ನೂ ಬೇರೆ ಮಾಡಿದೆ. ಎಂಟು ವರ್ಷದಿಂದ ಮಾಡದ ಕೆಲಸ. ಅತ್ತೆ "ನಿಂಗೇನು ಬಂತೇ ಇವತ್ತು?" ಅಂದರು. ನನಗೂ ಗೊತ್ತಿಲ್ಲ.

ಹೊಟ್ಟೆಯಲ್ಲಿ ಮಾತ್ರ ನೋವಿಲ್ಲ. ಅದೊಂದು ಇಲ್ಲ.

ಮೇ 21, ಗುರುವಾರ, ಬೆಳಗ್ಗೆ

ನಿದ್ದೆಯಿಲ್ಲ. ಸೊಂಟ. ಪರದೆಯ ಕೆಳಗಿನ ಅಂಚೊಂದು ಬಾಕಿ, ಇವತ್ತು ಮುಗಿಸಿ ಮಲಗಿಬಿಡುತ್ತೇನೆ.

ಮೇ 25, ಸೋಮವಾರ

ಆಸ್ಪತ್ರೆಯ ಮಂಚ. ಪಟ್ಟಿ ಬದಲಿಸುವಾಗ ಹೊಟ್ಟೆಯ ಹೊಲಿಗೆ ನೋಡಿದೆ. ಅಂಕುಡೊಂಕು. ಅತ್ತೆಯ ಕೈಗೆ ಸಿಕ್ಕಿದ್ದರೆ ಬಿಚ್ಚಿಸುತ್ತಿದ್ದರು.

ಗುರುವಾರ ನಡೆದದ್ದು ತಲೆಯಲ್ಲಿ ತಿರುಗುತ್ತಲೇ ಇದೆ. ಬರೆದಿಟ್ಟರೆ ನಿಂತೀತು.

ಇವರು ವ್ಯಾನ್ ತೆಗೆದುಕೊಂಡು ಹೋದ ಮೇಲೆ ಅಂಚಿಗೆ ಕೂತೆ. ಪರದೆಯ ಅಷ್ಟೂ ಅಗಲಕ್ಕೆ ಒಂದೇ ನೇರ ಹೊಲಿಗೆ. ಮಡಿಸುವುದು, ಗುಂಡುಪಿನ್ನು ಚುಚ್ಚುವುದು, ಹೊಲಿಯುವುದು, ಮುಂದಕ್ಕೆ ತಳ್ಳುವುದು. ಸೊಂಟ ಹಿಡಿದುಕೊಂಡಾಗ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದೆ, ಬಿಟ್ಟಾಗ ಮುಂದುವರಿಸುತ್ತಿದ್ದೆ. ಅತ್ತೆ ಹಿಂದಿನಿಂದ ಹೊಲಿದಷ್ಟನ್ನೂ ಬೆರಳಲ್ಲಿ ಸವರಿ ಇಸ್ತ್ರಿ ಹಾಕುತ್ತಿದ್ದರು.

"ಏನೇ ಇದು, ಇಲ್ಲಿ ಸೊಟ್ಟಗಾಗಿದೆ," ಅಂದರು. ನಾನು ಮುಂದಿನ ಮಡಿಕೆಗೆ ಪಿನ್ನು ಚುಚ್ಚಿದೆ. "ಇಲ್ಲೂ ಸೊಟ್ಟ. ಇಲ್ಲೂ. ಕುಡಿದವರ ಹಾಗೆ ಯಾವತ್ತು ಹೊಲಿದಿದ್ದೆ ನೀನು?"

"ಸೊಂಟ ಹಿಡ್ಕೊಂಡಾಗ ಬಟ್ಟೆ ಜಾರತ್ತೆ ಅತ್ತೆ. ಆಮೇಲೆ ಬಿಚ್ಚಿ ಹೊಲೀತೀನಿ."

ತಿರುಗಿ ನೋಡಿದರೆ ಅತ್ತೆ ಅಂಚನ್ನು ಎರಡೂ ತೋಳು ಚಾಚಿ ಹಿಡಿದು ಮಾರು ಹಾಕುತ್ತಿದ್ದರು, ಅಂಗಡಿಯಲ್ಲಿ ಬಟ್ಟೆ ಅಳೆದುಕೊಳ್ಳುವ ಹಾಗೆ. ಒಂದು ಸೊಟ್ಟದಿಂದ ಇನ್ನೊಂದು ಸೊಟ್ಟಕ್ಕೆ. ಅಲ್ಲಿಂದ ಮುಂದಿನದಕ್ಕೆ. ತುಟಿ ಅಲ್ಲಾಡುತ್ತಿತ್ತು.

"ಶುರುವಲ್ಲಿ ಎರಡು ಮಾರಿಗೊಂದು ಇದೆ," ಅಂದರು. "ಇಲ್ಲಿ ಒಂದೂವರೆ. ಈ ಕಡೆ ಒಂದು ಮಾರು ತುಂಬೋ ಮೊದಲೇ ಬಂದಿದೆ. ಲೆಕ್ಕ ಇಟ್ಕೊಂಡು ಬರತ್ತೆ ಅಂದಿದ್ಳಲ್ವಾ ಆ ನರ್ಸು? ಬರ್ತಾ ಬರ್ತಾ ಹತ್ತಿರ ಆಗತ್ತೆ ಅಂದಿದ್ಳಲ್ವಾ?"

ನನಗೆ ಆಗಲೂ ತಲೆಗೆ ಹೋಗಲಿಲ್ಲ. "ಅದು ಹೊಟ್ಟೆನೋವಿಗೆ ಹೇಳಿದ್ದು. ಇದು ಮಿಷನ್ ನೋವು, ನೀವೇ ಅಂದ್ರಲ್ಲ."

"ಮಿಷನ್ ನೋವು ನಂಗೆ ಗೊತ್ತು ಕಣೇ. ಅದು ಬಂದ್ರೆ ಕೂತೇ ಬಿಡತ್ತೆ, ಹೀಗೆ ಹೊತ್ತು ನೋಡ್ಕೊಂಡು ಎದ್ದು ಹೋಗಲ್ಲ. ಇದು ಅದೇ. ಏಳು. ಮಿಷನ್ ಬಿಡು, ಏಳು ಮೇಲೆ."

ಎದ್ದೆ. ಎದ್ದ ಕೂಡಲೇ ನೀರು ಒಡೆದು ನೆಲಕ್ಕೆ ಹರಿಯಿತು.

ಅತ್ತೆ ಇವರಿಗೆ ಫೋನ್ ಮಾಡಿದರು, ಆಸ್ಪತ್ರೆಗೂ ಮಾಡಿದರು. ಫೋನಿನಲ್ಲಿ ನರ್ಸ್ ಹೇಳಿದ ಹಾಗೆ ನನ್ನನ್ನು ನೆಲದ ಮೇಲೆ ಮೊಣಕಾಲೂರಿಸಿ, ತಲೆ ಕೆಳಗೆ, ಸೊಂಟ ಮೇಲೆ ಮಾಡಿಸಿದರು. ಆಗ ನಾನು ಆಡಿದ ಮಾತು ಬರೆಯಲೇಬೇಕು. "ಬಿಡಿ ಅತ್ತೆ, ಅವಸರ ಬೇಡ. ಇದೂ ಹೋಗಿರತ್ತೆ," ಅಂದೆ. ನನಗೆ ಭಯವೂ ಆಗಿರಲಿಲ್ಲ. ಗೊತ್ತಿದ್ದದ್ದು ಬಂತು, ಅಷ್ಟೇ.

ಅತ್ತೆ ಬಗ್ಗಿ ನನ್ನ ಕೆನ್ನೆಗೆ ಹೊಡೆದರು. ಎಂಟು ವರ್ಷದಲ್ಲಿ ಬೈದಿದ್ದಾರೆ, ಹೊಡೆದಿರಲಿಲ್ಲ. "ಹೋಗಿದ್ರೆ ಡಾಕ್ಟ್ರು ಹೇಳ್ಲಿ. ನೀನ್ಯಾರೇ ಹೇಳೋಕೆ?"

ಇವರು ಬ್ರೆಡ್ಡಿನ ಟ್ರೇಗಳನ್ನೆಲ್ಲ ಯಾವುದೋ ಅಂಗಡಿಯ ಮುಂದೆ ರಸ್ತೆಗೇ ಇಳಿಸಿ ಬಂದರು. ವ್ಯಾನಿನ ತಗಡಿನ ನೆಲದ ಮೇಲೆ ಏನು ಹಾಸುವುದು ಅಂತ ನೋಡಿದರೆ, ಅತ್ತೆ ಆ ಪರದೆಯನ್ನೇ ಎಳೆದುಕೊಂಡು ಬಂದರು. ಬೇರೆಯವರ ಬಟ್ಟೆಗೆ ಸೂಜಿಯಷ್ಟು ಎಣ್ಣೆಕಲೆ ಆದರೆ ರಾತ್ರಿಯೆಲ್ಲ ಕೂತು ತಿಕ್ಕುವವರು. ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ನನ್ನನ್ನು ಬೋರಲು ಹತ್ತಿಸಿ, ಪಕ್ಕದಲ್ಲಿ ಕೂತು ನನ್ನ ಸೊಂಟ ಎತ್ತಿ ಹಿಡಿದರು. ದಾರಿಯುದ್ದಕ್ಕೂ ಇವರು ಮುಂದಿನಿಂದ "ಏನಾಗ್ತಿದೆ, ಏನಾಗ್ತಿದೆ" ಅನ್ನುತ್ತಿದ್ದರು. ಅತ್ತೆ "ನೀನು ರಸ್ತೆ ನೋಡು" ಅಂತ ಗದರುತ್ತಿದ್ದರು.

ಬಳ್ಳಿ ಜಾರಿ ಬಂದೇ ಇತ್ತು. ದಪ್ಪ ಕನ್ನಡಕದ ನರ್ಸ್ ಕೈ ಒಳಗೆ ಹಾಕಿ ಮಗುವಿನ ಕಾಲನ್ನು ಬಳ್ಳಿಯಿಂದ ಮೇಲಕ್ಕೆ ಎತ್ತಿ ಹಿಡಿದಳು. ಹಿಡಿದವಳು ಬಿಡಲಿಲ್ಲ, ನನ್ನ ಜೊತೆ ತಳ್ಳುಮಂಚದ ಮೇಲೇ ಹತ್ತಿ ಕೂತು ಬಂದಳು. "ಮಿಡೀತಾ ಇದೆ, ಮಿಡೀತಾ ಇದೆ" ಅನ್ನುತ್ತಲೇ ಇದ್ದಳು. ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಬಂದಾಗ ಆ ಮಾತು ನಿಲ್ಲಿಸಿದಳು. ಅಷ್ಟು ನನಗೆ ನೆನಪಿದೆ. ಆಮೇಲೆ ಮತ್ತಿನ ಔಷಧಿ.

ಹೆಣ್ಣು. ಅಳಲಿಲ್ಲವಂತೆ. ಬಾಯಿಗೆ ಕೊಳವೆ ಹಾಕಿ ಉಸಿರು ಕೊಡುತ್ತಿದ್ದಾರೆ. ಡಾಕ್ಟರಮ್ಮ ಈ ಸಲ ನಗಲಿಲ್ಲ. "ಈಗಲೇ ಏನೂ ಹೇಳೋಕಾಗಲ್ಲ" ಅಂದರು. ನನಗೆ ಮೂರನೇ ತಿಂಗಳಲ್ಲೇ ಗೊತ್ತಿತ್ತು.

ಮೇ 26, ಮಂಗಳವಾರ

ಕೆಳಗಿನ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಾನು ಹೋಗಿಲ್ಲ. ಇವರು ಹೋಗಿಬಂದು "ಕೂದಲು ಬಹಳ ಇದೆ" ಅಂದರು. ಕೇಳಿದೆನಾ? ನೋಡಿದರೆ ಮುಖ ಗೊತ್ತಾಗುತ್ತದೆ. ಹಿಂದಿನದರ ಮುಖ ನೋಡಿದ್ದೆ, ಎರಡು ವರ್ಷವಾದರೂ ಮರೆತು ಮುಗಿದಿಲ್ಲ. ಅದರ ಮೇಲೆ ಇನ್ನೊಂದನ್ನು ಹೊರುವ ಶಕ್ತಿ ನನಗಿಲ್ಲ.

ಅತ್ತೆ ಕಾರಿಡಾರಿನ ಬೆಂಚಿನ ಮೇಲೇ ಇದ್ದಾರೆ. ಮನೆಗೆ ಹೋಗಿ ಅಂದರೆ ಕೇಳುವುದಿಲ್ಲ. ಒಂದೇ ಮಾತು ಹಿಡಿದಿದ್ದಾರೆ: "ಬುಧವಾರಾನೇ ಗೊತ್ತಾಗ್ಬೇಕಿತ್ತು. ಬಿಸಿನೀರಿನ ಚೀಲ ಕೊಟ್ಟೆನಲ್ಲೇ ನಾನು." ನಾನೂ ಅಂಟು ಕಂಡದ್ದನ್ನು ಹೇಳಲಿಲ್ಲವಲ್ಲ ಅನ್ನಬೇಕೆಂದುಕೊಂಡೆ. ಬಾಯಿ ಬರಲಿಲ್ಲ.

ಮೇ 28, ಗುರುವಾರ

ಹಾಲು ಬಂದು ಎದೆ ಕಲ್ಲಾಗಿದೆ. ಯಾರಿಗೆ ಅಂತ ಬಂತೋ. ಬೆಳಗ್ಗೆ ನರ್ಸ್ ಬಂದು ಹಿಂಡಿ ಕೊಡಿ, ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆಯಲ್ಲಿ ಹಾಕುತ್ತೇವೆ ಅಂದಳು. ಸುಮ್ಮನೆ ಹಿಂಡಿ ಕೊಟ್ಟೆ. ಮಧ್ಯಾಹ್ನ ಪಕ್ಕದ ಮಂಚದವಳು ಹೇಳಿದಳು, ಕೆಳಗೆ ಎರಡು ಬಟ್ಟಲು ಅದಲುಬದಲಾಗಿ ಚೆಲ್ಲಿಬಿಟ್ಟರಂತೆ, ಅದರಲ್ಲಿ ಒಂದು ನಿನ್ನದು ಅಂತ.

ನನಗೆ ಎಲ್ಲಿತ್ತೋ ಸಿಟ್ಟು. ಹೊಲಿಗೆ ಎಳೆಯುತ್ತಿತ್ತು, ಗೋಡೆ ಹಿಡಿದು ಇಳಿದೆ. ಜಗಳಕ್ಕೇ ಹೋದದ್ದು. "ಮಗು ಹಸ್ಕೊಂಡಿದೆಯಲ್ಲ, ಚೆಲ್ಲಿದ್ರೆ ಬಂದು ಇನ್ನೊಂದು ಸಲ ಕೇ‌ಳೋಕೆ ನಿಮಗೇನು?" ಅಂತ ಅಷ್ಟು ಜನರ ಮುಂದೆ ಕೂಗಾಡಿದೆ. ಅಲ್ಲಿದ್ದ ನರ್ಸ್ ಒಂದು ಸ್ಟೂಲ್ ತಂದಿಟ್ಟಳು. ಸ್ಟೂಲ್ ಪಕ್ಕದಲ್ಲೇ ಪೆಟ್ಟಿಗೆ.

ಕೂದಲು ಅಷ್ಟೇನೂ ಇಲ್ಲ. ಇವರು ಎಲ್ಲವನ್ನೂ ದೊಡ್ಡದು ಮಾಡಿ ಹೇಳುತ್ತಾರೆ. ಹಣೆ ಇವರದ್ದೇ. ನರ್ಸ್ ಎತ್ತಿ ಹಿಡಿದಿದ್ದ ಕಾಲು ಇನ್ನೂ ನೀಲಿಯಾಗಿದೆ.

ಅಲ್ಲೇ ಕೂತು ಹಿಂಡಿ ಕೊಟ್ಟೆ. ಈ ಸಲ ಚೆಲ್ಲದ ಹಾಗೆ ನಾನೇ ನಿಂತು ನೋಡಿದೆ.

ಜೂನ್ 2, ಮಂಗಳವಾರ

ಉಸಿರಿನ ಕೊಳವೆ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ, ನಡುವೆ ಮರೆತವಳ ಹಾಗೆ ನಿಲ್ಲಿಸುತ್ತಾಳೆ. ಆಗ ಪಾದಕ್ಕೆ ತಟ್ಟಬೇಕು.

ಡಾಕ್ಟರಮ್ಮ ಇವತ್ತು ನಮ್ಮ ಮೂವರನ್ನೂ ಕೂರಿಸಿಕೊಂಡು ಮಾತಾಡಿದರು. ಬಲಗೈಗೆ ಬೆರಳು ಕೊಟ್ಟರೆ ಮಗು ಹಿಡಿಯುತ್ತದೆ, ಎಡಗೈಗೆ ಕೊಟ್ಟರೆ ಹಿಡಿಯುವುದಿಲ್ಲ. ಬಳ್ಳಿ ಒತ್ತಿಕೊಂಡಿದ್ದ ಹೊತ್ತಲ್ಲಿ ಮೆದುಳಿಗೆ ಪೆಟ್ಟಾಗಿದೆ. ಎಷ್ಟು ಅಂತ ಬೆಳೀತಾ ಬೆಳೀತಾ ಗೊತ್ತಾಗಬೇಕು. ಕೈ ಬರಬಹುದು, ಬರದೆಯೂ ಇರಬಹುದು. ನಡೆಯಬಹುದು, ತಡವಾಗಬಹುದು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು, ಆದರೆ ದೀಪದ ಬೆಳಕೆಲ್ಲ ಆ ಕಡೆಗೇ ಬೀಳುತ್ತಿತ್ತು.

"ಇನ್ನೂ ಬೇಗ ಬಂದಿದ್ರೆ?" ಅಂತ ಅತ್ತೆ ಕೇಳಿದರು.

"ಇನ್ನು ಸ್ವಲ್ಪ ತಡವಾಗಿದ್ರೆ ಮಗು ಇರ್ತಿರ್ಲಿಲ್ಲ," ಅಂದರು ಡಾಕ್ಟರಮ್ಮ. ಅದು ಅತ್ತೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಅತ್ತೆಗೂ ಅದು ಗೊತ್ತಾಯಿತು.

ಹೊರಗೆ ಬಂದ ಮೇಲೆ ಅತ್ತೆ ತಮ್ಮಷ್ಟಕ್ಕೇ ಅಂದರು, "ಒಂದೇ ಕೈಲಿ ಸೂಜಿಗೆ ದಾರ ಹೇಗೆ ಪೋಣಿಸ್ತಾಳೆ?" ಆಮೇಲೆ ತಾವೇ ಹೇಳಿಕೊಂಡರು, "ನಾನು ಪೋಣಿಸಿ ಕೊಡ್ತೀನಿ ಬಿಡು." ಎರಡು ವರ್ಷದಿಂದ ಅವರ ಸೂಜಿಗೇ ನಾನು ಪೋಣಿಸಿ ಕೊಡುತ್ತಿದ್ದೇನೆ. ಇವರು ಮುಖ ಆ ಕಡೆ ಮಾಡಿಕೊಂಡರು.

ನನಗೆ ಆಸೆ ಏನೂ ಇಲ್ಲ. ಆ ಕೈ ಸರಿಹೋಗುವುದಿಲ್ಲ ಅಂತ ಅವರು ಬಾಯಿಬಿಟ್ಟು ಹೇಳದಿದ್ದರೂ ನನಗೆ ಗೊತ್ತು. ಮಧ್ಯಾಹ್ನ ಪೂರ್ತಿ ಅವಳ ಎಡಗೈಯಲ್ಲಿ ಬೆರಳಿಟ್ಟು ಕೂತಿದ್ದೆ. ಹಿಡಿಯಲಿಲ್ಲ. ಅವಳ ಬೆರಳು ಮಡಿಸಿ ನನ್ನ ಬೆರಳ ಸುತ್ತ ನಾನೇ ಇಟ್ಟೆ, ಬಿಟ್ಟ ಕೂಡಲೇ ಬಿಚ್ಚಿಕೊಂಡವು. ಮತ್ತೆ ಇಟ್ಟೆ. ಹೊತ್ತಾಯಿತು, ಹೊರಡಿ ಅಂತ ನರ್ಸ್ ಬಂದು ಎಬ್ಬಿಸಿದಳು. ನಾಳೆ ಬೇಗ ಇಳಿಯಬೇಕು. ಬೆಳಗ್ಗೆ ಹಾಲು ಹಾಕಿದ ಮೇಲೆ ಅವಳ ಕೈ ಸ್ವಲ್ಪ ಬೆಚ್ಚಗಿರುತ್ತದೆ.